ಆಸ್ಪತ್ರೆಯ ನೆಲದ ಮೇಲೆ ಎಚ್ಚರಿಕೆ

(ಮನಗೂಳಿಯಲ್ಲಿ ದಂಪತಿಗಳ ಸಭೆಯನ್ನು ಉದ್ದೇಶಿಸಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ತಾವು ಹೆರಿಗೆ, ಲಸಿಕೆ, ಶಸ್ತ್ರಚಿಕಿತ್ಸೆಗಳನ್ನು ನೆನೆಯುವಿರಿ. ಇಂದು ನಾನು ಹೇಳಹೊರಟಿರುವುದು ಇವೆಲ್ಲ ನಡೆಯುವ ಆಸ್ಪತ್ರೆಯ ನೆಲದ ವಿಷಯ. ಕೇಳಲು ಕ್ಷುಲ್ಲಕವೆನಿಸೀತು. ಆದರೆ ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನರು ಮೃತರಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿದೆ.

ನಮ್ಮ ಸೀಮೆಯ ಎರೆಮಣ್ಣನ್ನು ತಾವು ಬಲ್ಲಿರಿ. ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಹೆಂಟೆಯಾಗಿ ಅಂಟಿಕೊಳ್ಳುತ್ತದೆ. ಅದೇ ಕಾಲಿನಿಂದ ಆಸ್ಪತ್ರೆಯ ನುಣುಪಾದ ನೆಲವನ್ನು ತುಳಿದರೆ ಹಿಂದೆ ಬರುವವರು ಜಾರದೆ ಇರುವರೇ? ಹೆರಿಗೆ ಕೋಣೆಯಲ್ಲಂತೂ ನೀರು, ರಕ್ತ, ಸಾಬೂನು ನೆಲಕ್ಕೆ ಬೀಳುವುದು ಸಹಜ. ಶುಶ್ರೂಷಕಿಯು ಕೂಸನ್ನೆತ್ತಿಕೊಂಡು ಅವಸರದಿಂದ ಬರುವಾಗ ಕಾಲಡಿ ಏನಿದೆಯೆಂಬುದು ಆಕೆಗೆ ಕಾಣದು. ಜಾರಿದರೆ ಆಸರೆಗೆ ಕೈಯೂ ಇಲ್ಲ. ಬುತ್ತಿಯ ಗಂಟು, ಪಡಸಾಲೆಯಲ್ಲಿ ಹಾಸಿದ ಕೌದಿ, ಬಾಗಿಲಿಗೆ ಅಡ್ಡವಾಗಿ ಬಿಟ್ಟ ಚಪ್ಪಲಿ, ತುಳುಕಿದ ತಂಬಿಗೆ, ಇವೆಲ್ಲ ಬಹುಮಟ್ಟಿಗೆ ಬಾಣಂತಿಯ ಕಡೆಯವರು ಇಟ್ಟವು. ನೆಲ ಒರೆಸುವ ಕೆಲಸ ಸಿಬ್ಬಂದಿಯದೇ, ಒಪ್ಪಿದೆ. ನೀರು ಚೆಲ್ಲಿದೆಯೆಂದು ತಿಳಿಸುವುದು ಕಂಡವರ ಕೆಲಸ. ಆಯಾ ಬಿದ್ದು ಮಣಿಕಟ್ಟು ಮುರಿದುಕೊಂಡರೆ ವಾರಗಟ್ಟಲೆ ಆ ಕೈ ಕೆಲಸಕ್ಕೆ ಬಾರದು. ಅಷ್ಟು ದಿನ ನಿಮ್ಮ ಹೆಣ್ಣುಮಕ್ಕಳ ಹೆರಿಗೆಗೂ ಒಬ್ಬರು ಕಡಮೆಯಾದಂತೆಯೇ.

ಪತಿಗಳಿಗೆ ಒಂದು ಮಾತು. ರಕ್ತಹೀನತೆಯುಳ್ಳ ಬಾಣಂತಿಯು ಥಟ್ಟನೆ ಎದ್ದರೆ ಕಣ್ಣು ಕತ್ತಲಿಟ್ಟು ಬೀಳಬಹುದು. ಸಂತಾನನಿರೋಧ ಶಸ್ತ್ರಚಿಕಿತ್ಸೆಯ ಮಂಪರಿನಲ್ಲಿಯೂ ಹಾಗೆಯೇ. ಮೊದಲು ಮಂಚದ ಅಂಚಿನಲ್ಲಿ ಕೆಲಹೊತ್ತು ಕೂಡಿಸಿ, ತಲೆ ಸುತ್ತದಿದ್ದರೆ ಮಾತ್ರ ತೋಳು ಹಿಡಿದು ಶೌಚಾಲಯಕ್ಕೆ ಕರೆದೊಯ್ಯಬೇಕು. ಶುಶ್ರೂಷಕಿಯ ಒಪ್ಪಿಗೆಯಿದ್ದರೆ ತಾವೇ, ಇಲ್ಲವಾದರೆ ತಾಯಿಯೋ ಅತ್ತೆಯೋ ಜೊತೆಗಿರಲಿ. ಹೆಂಗಸರ ಕೆಲಸವೆಂದು ಹೊರಗೆ ಬೀಡಿ ಸೇದುತ್ತ ನಿಲ್ಲುವುದು ಸಲ್ಲದು.

ಗರ್ಭಿಣಿಯು ಬಿದ್ದಲ್ಲಿ, ಆಸ್ಪತ್ರೆಯಲ್ಲಾಗಲಿ ಹೊಲದಲ್ಲಾಗಲಿ, ನೋವಿಲ್ಲವೆಂದು ಸುಮ್ಮನಿರಬಾರದು, ವೈದ್ಯರಿಗೆ ತೋರಿಸಲೇಬೇಕು. ಹೊಟ್ಟೆಗೆ ಪೆಟ್ಟಾದಾಗ ಮಾಸು ಗರ್ಭಕೋಶದಿಂದ ಬಿಡಿಸಿಕೊಳ್ಳುವುದುಂಟು. ಆಗ ರಕ್ತವು ಒಳಗೇ ನಿಂತು ಹೊರಗೆ ಕಾಣದಿರಬಹುದು. ರಕ್ತಸ್ರಾವ, ನೀರು ಹೋಗುವುದು, ಹೊಟ್ಟೆ ಗಟ್ಟಿಯಾಗುವುದು, ಕೂಸಿನ ಮಿಸುಕಾಟ ತಗ್ಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿರಿ. ಯಾರೇ ಬಿದ್ದಿರಲಿ, ಕುತ್ತಿಗೆ ಅಥವಾ ಸೊಂಟ ನೋಯುತ್ತಿದೆಯೆಂದರೆ ಎಳೆದೆಬ್ಬಿಸದೆ ಇದ್ದಲ್ಲಿಯೇ ಇರಿಸಬೇಕು. ಅಂತಹ ನೋವಿಲ್ಲದ ಗರ್ಭಿಣಿಯನ್ನು ಆಂಬುಲೆನ್ಸ್ ಬರುವತನಕ ಎಡಮಗ್ಗುಲಿಗೆ ಮಲಗಿಸಿರಿ. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡಿರಿ.