ಏಳನೆಯ ಒದೆತ

ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಪ್ರತಿ ತಂಡಕ್ಕೂ 46 ಪಂದ್ಯ. ಮೊದಲೆರಡು ಸ್ಥಾನದವರು ನೇರವಾಗಿ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆಯುತ್ತಾರೆ. ಉಳಿದ ಒಂದೇ ಜಾಗಕ್ಕೆ 1998ರಲ್ಲಿ ನಂತರದ ನಾಲ್ಕು ತಂಡಗಳ ಸೆಣಸಾಟವಿತ್ತು. ಅದಕ್ಕೇ ಪ್ಲೇ-ಆಫ್ ಅನ್ನುವುದು.

1998ರ ಮೇ 25, ಲಂಡನ್ನಿನ ವೆಂಬ್ಲಿ ಮೈದಾನ. ಫೈನಲ್‌ನಲ್ಲಿ 90 ಅಂಕಗಳ ಸಂಡರ್‌ಲ್ಯಾಂಡ್‌ಗೆ 88 ಅಂಕಗಳ ಚಾರ್ಲ್ಟನ್ ಎದುರಾಳಿ. ಚಾರ್ಲ್ಟನ್ ಪರ ಮೂರು ಗೋಲು ಹೊಡೆದವರು ಕ್ಲೈವ್ ಮೆಂಡೋನ್ಸಾ. ತಮಾಷೆಯೆಂದರೆ ಅವರು ಬೆಳೆದದ್ದು ಸಂಡರ್‌ಲ್ಯಾಂಡಿನಲ್ಲಿ, ಚಿಕ್ಕಂದಿನಿಂದ ಬೆಂಬಲಿಸುತ್ತಿದ್ದದ್ದೂ ಆ ತಂಡವನ್ನೇ! ಹೆಚ್ಚುವರಿ ಅವಧಿ ಮುಗಿದಾಗ 4-4. ಪೆನಾಲ್ಟಿಯಲ್ಲಿ ಚಾರ್ಲ್ಟನ್ನಿನ ಏಳಕ್ಕೆ ಏಳೂ ಗೋಲು. ಸಂಡರ್‌ಲ್ಯಾಂಡಿನ ಏಳನೆಯ ಒದೆತಕ್ಕೆ ಬಂದವರು ಅದೇ ಊರಿನ ಹುಡುಗ ಮೈಕಲ್ ಗ್ರೇ. ಎಡಗಾಲಿನಿಂದ ಒದ್ದ ಚೆಂಡಿನಲ್ಲಿ ಕಸುವೇ ಇರಲಿಲ್ಲ. ಗೋಲ್‌ಕೀಪರ್ ಸಾಶಾ ಇಲಿಚ್ ಸಲೀಸಾಗಿ ತಡೆದರು.

ಹೆಚ್ಚು ಅಂಕ ಗಳಿಸಿದವರು ಕೆಳಗೇ ಉಳಿದರು. ನನಗಿದು ಅನ್ಯಾಯವೆಂದೇ ಅನಿಸುತ್ತದೆ. ಆದರೆ ಈ ಪದ್ಧತಿ ಇರುವುದರಿಂದಲೇ ಆರನೇ ಸ್ಥಾನದ ತಂಡವೂ ಕೊನೆಯವರೆಗೆ ಆಸೆ ಬಿಡುವುದಿಲ್ಲ.

ಮುಂದೇನಾಯಿತು? ಚಾರ್ಲ್ಟನ್ ಒಂದೇ ವರ್ಷದಲ್ಲಿ ಕೆಳಗಿಳಿಯಿತು. ಸಂಡರ್‌ಲ್ಯಾಂಡ್ 105 ಅಂಕ ಗಳಿಸಿ, ಯಾವ ಪ್ಲೇ-ಆಫ್‌ನ ಹಂಗೂ ಇಲ್ಲದೆ ಚಾಂಪಿಯನ್ ಆಗಿ ಮೇಲೇರಿತು. ಗ್ರೇ ಅದೇ ಋತುವಿನಲ್ಲಿ ಇಂಗ್ಲೆಂಡ್ ತಂಡದ ಅಂಗಿ ತೊಟ್ಟರು.