ಸೆರೆ ಹಾಕುವ ಕೈ, ನ್ಯಾಯಮೂರ್ತಿಯನ್ನು ಆರಿಸುವ ಕೈ

ಸರ್ಕಾರ ಒಬ್ಬ ಪ್ರಜೆಯನ್ನು ಹಿಡಿದು ಜೈಲಿಗೆ ಹಾಕುತ್ತದೆ. ಆತ ನ್ಯಾಯಾಲಯದ ಬಾಗಿಲು ತಟ್ಟುತ್ತಾನೆ. ಒಳಗೆ ಪೀಠದಲ್ಲಿ ಕುಳಿತವರನ್ನು ಆರಿಸಿದ್ದು ಯಾರು? ಅದೇ ಸರ್ಕಾರವಾಗಿದ್ದರೆ? ಭದ್ರತೆಯ ಕಾನೂನು ಬೇರೆ, ನ್ಯಾಯಮೂರ್ತಿಗಳ ನೇಮಕ ಬೇರೆ ಎಂದು ನಾವು ತಿಳಿಯುವುದುಂಟು. ಅವೆರಡೂ ಒಂದೇ ಹಗ್ಗದ ಎರಡು ತುದಿಗಳೆಂಬುದು 1973ರಿಂದ 1977ರ ನಡುವೆ ನಮ್ಮ ದೇಶಕ್ಕೆ ಗೊತ್ತಾಯಿತು.

1973ರ ಏಪ್ರಿಲ್‌ನಲ್ಲಿ ಕೇಶವಾನಂದ ಭಾರತಿ ತೀರ್ಪು ಬಂದ ಬೆನ್ನಿಗೇ ಸರ್ಕಾರ ಮೂವರು ಹಿರಿಯರನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಬದಿಗೆ ಸರಿದವರು ಶೆಲತ್, ಗ್ರೋವರ್ ಮತ್ತು ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. (ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸ್ಪೀಕರ್ ಆದದ್ದು ಇತಿಹಾಸದ ಒಂದು ತಮಾಷೆ.)

ಎರಡು ವರ್ಷದಲ್ಲಿ ತುರ್ತುಪರಿಸ್ಥಿತಿ ಬಂತು. ಆಂತರಿಕ ಭದ್ರತೆಗೆಂದು 1971ರಲ್ಲಿ ಮಾಡಿದ್ದ 'ಮೀಸಾ' ಕಾಯ್ದೆಗೆ ತಿದ್ದುಪಡಿಗಳಾದವು. ಬಂಧನಕ್ಕೆ ಕಾರಣ ಏನೆಂದು ಬಂಧಿತನಿಗೂ ಹೇಳಬೇಕಿರಲಿಲ್ಲ. ಬೆಂಗಳೂರಿನ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಕಲಾವಿದೆ ಸ್ನೇಹಲತಾ ರೆಡ್ಡಿ ಇದ್ದರು. ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೋದವು. ಅವನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದು ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಮತ್ತು ನ್ಯಾಯಮೂರ್ತಿ ಸದಾನಂದಸ್ವಾಮಿ ಹೇಳಿದರು. ಬೇರೆ ಹಲವು ಹೈಕೋರ್ಟುಗಳೂ ಹಾಗೆಯೇ ಹೇಳಿದವು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಪರಿಹಾರವುಂಟೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ಐವರ ಪೀಠದಲ್ಲಿ ನಾಲ್ವರು ಸರ್ಕಾರದ ಪರ ನಿಂತರು. ಪೀಠದ ಮುಖ್ಯಸ್ಥರು ಅದೇ ಎ.ಎನ್. ರೇ. ಖನ್ನಾ ಒಬ್ಬರೇ ಭಿನ್ನಮತ ಬರೆದರು.

ಬೆಲೆ ತೆತ್ತವರು ಯಾರು ಎಂಬುದನ್ನು ಗಮನಿಸಬೇಕು. ಅದೇ ವರ್ಷ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗಬೇಕಿದ್ದ ಖನ್ನಾರನ್ನು ಬಿಟ್ಟು ಬೇಗ್ ಅವರನ್ನು ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಜೈಲಿನಲ್ಲಿ ಉಬ್ಬಸದಿಂದ ನರಳಿ ಬಿಡುಗಡೆಯಾಗಿದ್ದ ಸ್ನೇಹಲತಾ ಆ ತಿಂಗಳಲ್ಲೇ ತೀರಿಕೊಂಡರು.

1978ರ 44ನೇ ತಿದ್ದುಪಡಿಯ ನಂತರ ತುರ್ತುಪರಿಸ್ಥಿತಿಯಲ್ಲೂ ಜೀವಿಸುವ ಹಕ್ಕಿನ ರಕ್ಷಣೆಯನ್ನು ಅಮಾನತಿನಲ್ಲಿಡುವಂತಿಲ್ಲ. 1993ರಲ್ಲಿ ನೇಮಕದ ಮುಖ್ಯ ಮಾತು ನ್ಯಾಯಾಂಗದ ಕೊಲಿಜಿಯಂಗೆ ಬಂತು. ಅದರ ಬದಲಿಗೆ ತಂದ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕೊಲಿಜಿಯಂ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುತ್ತದೆಂಬ ದೂರು ಸುಳ್ಳಲ್ಲ. ಶಿಫಾರಸಾದ ಹೆಸರುಗಳು ಸರ್ಕಾರದ ಮೇಜಿನ ಮೇಲೆ ತಿಂಗಳುಗಟ್ಟಲೆ ಕುಳಿತದ್ದೂ ಸುಳ್ಳಲ್ಲ.

ಇತ್ತ ಭದ್ರತಾ ಕಾನೂನು ಬೆಳೆಯುತ್ತಲೇ ಬಂದಿದೆ. ಟಾಡಾ ಬಂತು, ಹೋಯಿತು. ಪೋಟಾ ಬಂತು, ಹೋಯಿತು. ಉಳಿದ ಯುಎಪಿಎಗೆ 2008ರಲ್ಲಿ ಸೇರಿದ ನಿಯಮದಂತೆ, ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನಿಲ್ಲ. ಹಾಗೆ ಕಂಡಿತೇ ಎಂದು ನಿರ್ಧರಿಸುವವರು ನ್ಯಾಯಾಧೀಶರೇ.

1976ರ ತೀರ್ಪನ್ನು ಸುಪ್ರೀಂ ಕೋರ್ಟ್ ತಪ್ಪೆಂದು ಅಳಿಸಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಖಾಸಗಿತನದ ಪ್ರಕರಣದಲ್ಲಿ. ಅಲ್ಲಿ ಆ ಮಾತು ಬರೆದವರು ಡಿ.ವೈ. ಚಂದ್ರಚೂಡ್. 1976ರ ನಾಲ್ವರಲ್ಲಿ ಅವರ ತಂದೆಯೂ ಒಬ್ಬರಾಗಿದ್ದರು.