ಕೊಡುವ ಮುನ್ನ ಒಂದು ಮಾತು ಕೇಳಿ

ನಮ್ಮ ಶಾಲೆಯಲ್ಲಿ ನಡೆದ ಒಂದು ಪ್ರಮಾದವನ್ನು ನಿಮ್ಮ ಮುಂದೆ ಒಪ್ಪಿಕೊಂಡು ಈ ಮಾತನ್ನು ತೊಡಗುತ್ತೇನೆ. ಪ್ರಮಾದ ಮಕ್ಕಳದಲ್ಲ, ಬಹುಕಾಲದಿಂದ ಅವರಿಗೆ ಕನ್ನಡ ಪಾಠ ಹೇಳುತ್ತಿರುವ ನನ್ನದು.

ನನ್ನ ಹಳೆಯ ಶಿಷ್ಯನೊಬ್ಬನು ನೇಪಾಳದಲ್ಲಿ, ದೃಷ್ಟಿಯಿಲ್ಲದ ಮಕ್ಕಳು ಓದುವ ಶಾಲೆಯೊಂದಕ್ಕೆ ಸ್ವಯಂಸೇವಕನಾಗಿ ಹೋಗಿದ್ದನು. “ಮೇಷ್ಟ್ರೇ, ಇಲ್ಲಿ ಓದುಬರಹದ ಸಾಮಗ್ರಿ ಸಾಲದು. ನಮ್ಮ ಶಾಲೆಯಿಂದ ಏನಾದರೂ ಕಳುಹಿಸಲಾದೀತೆ?” ಎಂದು ಬರೆದನು. ಕಾಗದವನ್ನು ಪ್ರಾರ್ಥನೆಯ ವೇಳೆ ಓದಿ ಹೇಳಿದೆ. ಮಕ್ಕಳ ಮನಸ್ಸು ಎಷ್ಟು ಬೇಗ ಕರಗುತ್ತದೆಂಬುದನ್ನು ನೀವೂ ಬಲ್ಲಿರಿ. ವಾರದೊಳಗೆ ಎರಡು ಪೆಟ್ಟಿಗೆ ತುಂಬಿದುವು: ಗೆರೆಯ ನೋಟುಬುಕ್ಕು, ಪೆನ್ಸಿಲು, ಬಣ್ಣದ ಡಬ್ಬಿ, ಚಿತ್ರದ ಪುಸ್ತಕ. ನಾನು ಹಿಗ್ಗಿದೆ. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪೆಟ್ಟಿಗೆಯ ಮುಂದೆ ನಿಂತು, “ಸಾರ್, ಕಣ್ಣು ಕಾಣದವರು ಇವನ್ನು ಓದುವುದು ಹೇಗೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ದಾನಕ್ಕೆ ಪಾತ್ರವನ್ನು ನೋಡಬೇಕೆಂದು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆ. ಪಾತ್ರವನ್ನು ನೋಡುವುದೆಂದರೆ ಪಡೆಯುವವನ ಯೋಗ್ಯತೆಯನ್ನು ಅಳೆಯುವುದಲ್ಲ, ಅವನ ಅಗತ್ಯವನ್ನು ಅರಿಯುವುದು ಎಂಬುದು ಅಂದು ಹೊಳೆಯಿತು.

ಏನು ಬೇಕೆಂದು ಕೇಳಿ ಬರೆದೆ. ಉತ್ತರದಲ್ಲಿ ಪಟ್ಟಿ ಬಂತು: ಬ್ರೈಲ್ ಬರೆಯುವ ಚೌಕಟ್ಟು, ಚುಚ್ಚುವ ಮೊಳೆ, ದಪ್ಪ ಕಾಗದ, ಲೆಕ್ಕಕ್ಕೆ ಟೇಲರ್ ಹಲಗೆಯ ಅಚ್ಚುಗಳು, ಬಿಳಿಯ ಕೋಲು. ಅಲ್ಪಸ್ವಲ್ಪ ದೃಷ್ಟಿಯುಳ್ಳ ಮಕ್ಕಳಿಗೆ ದಪ್ಪ ಗೆರೆಯ ಪುಸ್ತಕ ಮತ್ತು ಅಗಲವಾಗಿ ಬರೆಯುವ ಕಪ್ಪು ಪೆನ್ನು. ನಮ್ಮ ಎರಡು ಪೆಟ್ಟಿಗೆಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ!

ಈ ಲಿಪಿಯನ್ನು ರೂಪಿಸಿದ ಫ್ರಾನ್ಸಿನ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದವನು. ಮೂರರ ಪ್ರಾಯದಲ್ಲಿ, ತಂದೆಯ ಚರ್ಮದ ಕೆಲಸದ ಮನೆಯಲ್ಲಿ ಆಡುತ್ತಿದ್ದಾಗ ಚೂಪಾದ ಹತಾರವೊಂದು ಕಣ್ಣಿಗೆ ತಗಲಿತು. ಕ್ರಮೇಣ ಎರಡು ಕಣ್ಣುಗಳೂ ಹೋದುವು. ಅಂಥದೇ ಒಂದು ಮೊನೆಯಿಂದ ಕಾಗದವನ್ನು ಚುಚ್ಚಿ ಓದುವ ಕ್ರಮವನ್ನು ಅವನು 1829ರಲ್ಲಿ ಪ್ರಕಟಿಸಿದನು. ಆರೇ ಚುಕ್ಕೆಗಳು, ಅವುಗಳ ಹೊಂದಾಣಿಕೆಯಿಂದ 63 ಆಕೃತಿಗಳು. ಚೌಕಟ್ಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಬೇಕು. ಹಾಳೆಯನ್ನು ಮಗುಚಿದರೆ ಉಬ್ಬಿದ ಚುಕ್ಕೆಗಳನ್ನು ಬೆರಳು ಎಡದಿಂದ ಬಲಕ್ಕೆ ಓದುತ್ತದೆ. ತೆಳು ಹಾಳೆಯಲ್ಲಿ ಉಬ್ಬು ನಿಲ್ಲದು, ಆದುದರಿಂದಲೇ ದಪ್ಪ ಕಾಗದ. ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಠದಿಂದ ಕೊರೆದು ಬರೆದವರಲ್ಲವೆ? ಮೊನೆಯಿಂದ ಅಕ್ಷರ ಮೂಡಿಸುವುದು ನಮಗೇನೂ ಹೊಸತಲ್ಲ.

ಕನ್ನಡ ಪಂಡಿತನಾದ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ ಸಂಗತಿ ಬೇರೊಂದು. 1951ರಲ್ಲಿ ಭಾರತದ ಭಾಷೆಗಳಿಗೆಲ್ಲ ಹೊಂದುವಂತೆ ‘ಭಾರತಿ ಬ್ರೈಲ್’ ಎಂಬ ಸಮಾನ ಪದ್ಧತಿ ಏರ್ಪಟ್ಟಿತು. ಕಣ್ಣಿಗೆ ಕನ್ನಡದ ಕಕಾರವೇ ಬೇರೆ, ನಾಗರಿಯ ಕಕಾರವೇ ಬೇರೆ. ಬೆರಳಿಗೆ ಎರಡೂ ಒಂದೇ. ನೇಪಾಳಿಯ ಬ್ರೈಲ್ ಕೂಡ ಬಹುಮಟ್ಟಿಗೆ ಇದನ್ನೇ ಹೋಲುತ್ತದೆ.

ಮಕ್ಕಳು ಮತ್ತೆ ದುಡಿದರು. ಈ ಸಲ ವಸ್ತುವಿಗೆ ಬದಲಾಗಿ ಹಣ ಕೂಡಿಸಿ, ಪಟ್ಟಿಯಲ್ಲಿದ್ದುದನ್ನೇ ಕೊಂಡೆವು. ಮೊದಲಿನ ಪೆಟ್ಟಿಗೆಗಳು ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಗೆ ಹೋದುವು. ಅಲ್ಲಿ ಅವುಗಳಿಗೆ ಕಣ್ಣುಗಳಿದ್ದುವು.

ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಮೊದಲು ಕೇಳಿ, ಬಳಿಕ ಕೂಡಿಸಿ. ಎಷ್ಟು ಮಕ್ಕಳು, ಯಾವ ತರಗತಿ, ಎಷ್ಟು ದೃಷ್ಟಿ, ಕಲಿಸತಕ್ಕವರು ಉಂಟೆ ಎಂಬುದನ್ನು ತಿಳಿಯಿರಿ. ಕಲಿಸುವವರಿಲ್ಲದೆಡೆ ಚೌಕಟ್ಟು ಬರಿಯ ತಗಡು. ಅಂಧರ ಬ್ರೈಲ್ ಬರಹದ ಕಟ್ಟುಗಳಿಗೆ ಅಂಚೆಯ ದರದಲ್ಲಿ 7 ಕಿಲೋಗ್ರಾಮಿನವರೆಗೆ ವಿನಾಯಿತಿ ಉಂಟು. ವಿಮಾನದ ವೆಚ್ಚ ಬೇರೆ. ಅಂಚೆಯ ಕಛೇರಿಯಲ್ಲಿ ವಿಚಾರಿಸಿಕೊಳ್ಳಿ.

ಕಡೆಗೊಂದು ಮಾತು. ಪೆಟ್ಟಿಗೆ ಮುಚ್ಚುವ ಮುನ್ನ, ಪ್ರಶ್ನೆ ಕೇಳಿದ ಆ ಹುಡುಗಿ ಹಾಳೆಯೊಂದರ ಮೇಲೆ ‘ಕಮಲ’ ಎಂದು ಮೂರಕ್ಷರ ಚುಚ್ಚಿ ಮೇಲಿಟ್ಟಳು. ಎರಡು ಹಾಳೆ ಕೆಟ್ಟು ಮೂರನೆಯದು ಸರಿಹೋಗಿತ್ತು. ಅಲ್ಲಿನ ಪುಟ್ಟ ಬಾಲಕನೊಬ್ಬನು ಅದರ ಮೇಲೆ ಬೆರಳಾಡಿಸಿ, ನೇಪಾಳಿಯ ರೂಢಿಯಂತೆ ಕೊನೆಯ ಅಕಾರವನ್ನು ನುಂಗಿ, “ಕಮಲ್” ಎಂದು ಗಟ್ಟಿಯಾಗಿ ಓದಿದನಂತೆ. ವ್ಯಾಕರಣದ ಮೇಷ್ಟ್ರಾದರೂ ಅದನ್ನು ತಿದ್ದುವ ಮನಸ್ಸು ನನಗೆ ಬರಲಿಲ್ಲ.